ಗುಜರಿ ಪಾಲಾದ ಹಕ್ಕಿಗಳು

ಕಳೆದ ಯುಗಾದಿಗೆ ಮುಂಚೆ ನಮ್ಮ ಮನೆಗೆ ಸುಣ್ಣ ಹೊಡೆಸಿದರು. ಅಟ್ಟ ಖಾಲಿಯಾಯಿತು. ನಾನು ಹಾಸನದ ಹಾಸ್ಟೆಲ್‌ನಲ್ಲಿದ್ದೆ, ಇಂಟರ್ನಲ್ಸ್ ನಡೆಯುತ್ತಿತ್ತು. ಹಬ್ಬದ ಹಿಂದಿನ ದಿನ ಊರಿಗೆ ಬಂದು ನೋಡಿದರೆ ಹಳೇ ಪೇಪರ್ ಕಟ್ಟು, ನನ್ನ ಪಿಯುಸಿ ಗೈಡುಗಳು, ತಮ್ಮನ ಹರಿದ ಸ್ಕೂಲ್ ಬ್ಯಾಗು, ಇವುಗಳ ಜತೆಗೆ ನನ್ನ ಎರಡು ಲಾಂಗ್ ನೋಟ್‌ಬುಕ್ಕುಗಳೂ ಗುಜರಿಯವನ ಗಾಡಿ ಹತ್ತಿ ಹೋಗಿದ್ದವು.

ಆ ನೋಟ್‌ಬುಕ್ಕುಗಳಲ್ಲಿ ಎರಡೂವರೆ ವರ್ಷದ ಹಕ್ಕಿ ಲೆಕ್ಕ ಇತ್ತು. ನಮ್ಮದು ಸಕಲೇಶಪುರದ ಹತ್ತಿರ ಒಂದು ಚಿಕ್ಕ ಕಾಫಿ ತೋಟ. ಲಾಕ್‌ಡೌನ್ ಹೊತ್ತಿನಲ್ಲಿ ಮಾಡಲು ಕೆಲಸವಿಲ್ಲದೆ ಬರೆಯಲು ಶುರು ಮಾಡಿದ್ದು, ಆಮೇಲೆ ಚಟವಾಯಿತು. ಮಂಗಟ್ಟೆ ಯಾವ ತಿಂಗಳಲ್ಲಿ ಯಾವ ಮರಕ್ಕೆ ಬರುತ್ತದೆ, ಕಾಫಿ ಗಿಡದಲ್ಲಿ ಕೆಮ್ಮೀಸೆ ಪಿಕಳಾರ ಕಟ್ಟಿದ ಗೂಡಿನಲ್ಲಿ ಎಷ್ಟು ಮೊಟ್ಟೆ ಇತ್ತು, ಎಷ್ಟು ಮರಿ ಹಾರಿತು, ಎಷ್ಟನ್ನು ಹಾವು ತಿಂದಿತು, ಎಲ್ಲವನ್ನೂ ತಾರೀಖು ಹಾಕಿ ಬರೆದಿದ್ದೆ. ಯಾರಿಗೂ ತೋರಿಸಿರಲಿಲ್ಲ. ಒಂದು ದಿನ ಎಲ್ಲ ಸೇರಿಸಿ ದೊಡ್ಡದಾಗಿ ಬರೆಯೋಣ, ಇನ್ನೂ ಒಂದು ವರ್ಷದ ಲೆಕ್ಕ ಸಿಗಲಿ ಎಂದು ಕಾಯುತ್ತಿದ್ದೆ.

ಅಮ್ಮನ ಮೇಲೆ ಕೂಗಾಡಿದೆ. ಹಬ್ಬದ ಹೋಳಿಗೆ ಮುಟ್ಟಲಿಲ್ಲ. ಪಾಪ, ಅಮ್ಮನಿಗೆ ಅದು ಕಾಲೇಜಿನ ಹಳೇ ನೋಟ್ಸ್ ಅನ್ನಿಸಿತ್ತು. ಅಪ್ಪ ಬೈಕ್ ಹತ್ತಿ ಗುಜರಿ ಅಂಗಡಿಗೆ ಹೋಗಿ ಕೇಳಿ ಬಂದರು. ಲೋಡ್ ಆಗಲೇ ಹೋಗಿತ್ತು.

ಕಾಲೇಜಿಗೆ ವಾಪಸ್ ಹೋದಮೇಲೆ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರ ಹತ್ತಿರ ಈ ಗೋಳು ಹೇಳಿಕೊಂಡೆ. ಅವರು ಸಮಾಧಾನವನ್ನೇನೂ ಹೇಳಲಿಲ್ಲ. ಎ.ಒ. ಹ್ಯೂಮ್‌ಗೂ ಹೀಗೇ ಆಗಿತ್ತು, ಹೋಗಿ ಓದು ಎಂದರು, ಅಷ್ಟೇ. ನನಗೆ ಗೊತ್ತಿದ್ದ ಹ್ಯೂಮ್ ಒಂದು ಅಂಕದ ಪ್ರಶ್ನೆಯ ಹ್ಯೂಮ್. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್‌ನ ಸ್ಥಾಪಕರು ಯಾರು ಎಂದರೆ ಹತ್ತನೇ ಕ್ಲಾಸಿನಿಂದ ಕೆಎಎಸ್ ತಯಾರಿಯವರೆಗೆ ಎಲ್ಲರೂ ಉರು ಹೊಡೆಯುವ ಹೆಸರು. ಆ ಮನುಷ್ಯನಿಗೂ ಹಕ್ಕಿಗೂ ಎತ್ತಣ ಸಂಬಂಧ ಎಂದುಕೊಂಡೇ ಓದಲು ಕೂತೆ. ಆ ಸೆಮಿಸ್ಟರ್ ಪೂರ್ತಿ ಅದೇ ಆಯಿತು.

ಅಲನ್ ಆಕ್ಟೇವಿಯನ್ ಹ್ಯೂಮ್ ಹುಟ್ಟಿದ್ದು 1829ರಲ್ಲಿ. ಅಪ್ಪ ಜೋಸೆಫ್ ಹ್ಯೂಮ್ ಬ್ರಿಟಿಷ್ ಸಂಸತ್ತಿನಲ್ಲಿ ಸರ್ಕಾರದ ದುಂದುವೆಚ್ಚವನ್ನು ಬಿಡದೆ ಪ್ರಶ್ನಿಸುತ್ತಿದ್ದ ಹಟಮಾರಿ ಸದಸ್ಯ. ಆ ಹಟ ಮಗನಿಗೂ ಬಂದಿತ್ತು. ಈಸ್ಟ್ ಇಂಡಿಯಾ ಕಂಪನಿಯ ಹೇಲಿಬರಿ ಕಾಲೇಜಿನಲ್ಲಿ ಓದಿ, ಒಂದಿಷ್ಟು ವೈದ್ಯವನ್ನೂ ಕಲಿತು, 1849ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಈಗಿನ ಉತ್ತರ ಪ್ರದೇಶದ ಇಟಾವಾ ಜಿಲ್ಲೆಗೆ ಬಂದರು. ಅಲ್ಲಿ ಉಚಿತ ಶಾಲೆಗಳನ್ನು ತೆರೆದರು. ಬಿಡುವಿನಲ್ಲಿ ಹಕ್ಕಿಗಳನ್ನು ಸಂಗ್ರಹಿಸತೊಡಗಿದರು. ಸಂಗ್ರಹಿಸುವುದು ಎಂದರೆ ಆ ಕಾಲದಲ್ಲಿ ಗುಂಡು ಹೊಡೆದು, ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಇಡುವುದು. ಬೈನಾಕ್ಯುಲರ್ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆಯುವ ನಮಗೆ ಇದು ಹಿಂಸೆ ಅನ್ನಿಸುತ್ತದೆ. ನನಗೂ ಅನ್ನಿಸಿತು. ಆದರೆ ಆಗ ಒಂದು ಹಕ್ಕಿಯನ್ನು ಇನ್ನೊಂದರಿಂದ ಬೇರೆ ಎಂದು ತೋರಿಸಬೇಕಾದರೆ ಬೇರೆ ದಾರಿ ಇರಲಿಲ್ಲ.

1857ರ ದಂಗೆಯಲ್ಲಿ ಹ್ಯೂಮ್ ಇಟಾವಾ ಬಿಟ್ಟು ಆಗ್ರಾ ಕೋಟೆ ಸೇರಬೇಕಾಯಿತು. ಅವರು ಇದ್ದದ್ದು ಬ್ರಿಟಿಷರ ಕಡೆ, ಅದರಲ್ಲಿ ಮುಚ್ಚಿಡುವುದೇನಿಲ್ಲ. ಆ ಗಲಾಟೆಯಲ್ಲಿ ಅವರ ಮೊದಲ ಸಂಗ್ರಹ ನಾಶವಾಯಿತು. ಓದುವಾಗ ಇಲ್ಲಿ ಒಂದು ಕ್ಷಣ ನಿಂತೆ. ಮೊದಲನೆಯದು ಹೋದರೂ ಮತ್ತೆ ಶುರು ಮಾಡಿದರಲ್ಲ ಎಂದು. ಅವರ ಬದುಕಿನಲ್ಲಿ ಇದು ಚಿಕ್ಕ ನಷ್ಟ, ದೊಡ್ಡದು ಮುಂದೆ ಕಾದಿತ್ತು ಎಂದು ಆಗ ನನಗೆ ಗೊತ್ತಿರಲಿಲ್ಲ.

1867ರಲ್ಲಿ ಅವರು ಒಳನಾಡಿನ ಸುಂಕದ ಕಮಿಷನರ್ ಆದರು. ಉಪ್ಪಿನ ಕಳ್ಳಸಾಗಣೆ ತಡೆಯಲು ಬ್ರಿಟಿಷರು ಉತ್ತರ ಭಾರತದಲ್ಲಿ ಸಾವಿರಾರು ಕಿಲೋಮೀಟರ್ ಉದ್ದದ ಒಂದು ಮುಳ್ಳುಬೇಲಿಯನ್ನೇ ಬೆಳೆಸಿದ್ದರು. ಅದರ ಉಸ್ತುವಾರಿ ಇವರದು. ಮುಂದೆ ಗಾಂಧೀಜಿ ದಂಡಿಗೆ ನಡೆದದ್ದು ಯಾವ ತೆರಿಗೆಯ ವಿರುದ್ಧವೋ ಅದೇ ತೆರಿಗೆಯನ್ನು ಕಾಯುವ ಕೆಲಸ ಕಾಂಗ್ರೆಸ್ ಹುಟ್ಟುಹಾಕಿದವರದಾಗಿತ್ತು ಎನ್ನುವುದನ್ನು ನಮ್ಮ ಪಠ್ಯಪುಸ್ತಕ ಹೇಳಿರಲಿಲ್ಲ. ಬೇಲಿಯ ಉದ್ದಕ್ಕೂ, ರಾಜಸ್ಥಾನದ ಸಂಸ್ಥಾನಗಳಲ್ಲೂ ಕುದುರೆ, ಒಂಟೆ ಮೇಲೆ ತಿರುಗುವಾಗ ಅವರ ಕಣ್ಣು ಹಕ್ಕಿಗಳ ಮೇಲಿರುತ್ತಿತ್ತು.

1871ರಲ್ಲಿ ಕೃಷಿ, ಕಂದಾಯ ಮತ್ತು ವಾಣಿಜ್ಯ ಇಲಾಖೆಯ ಕಾರ್ಯದರ್ಶಿಯಾದರು. ಬ್ರಿಟಿಷ್ ಭಾರತದ ದೊಡ್ಡ ಹುದ್ದೆಗಳಲ್ಲಿ ಒಂದು. ಸರ್ಕಾರ ಬೇಸಿಗೆಯಲ್ಲಿ ಶಿಮ್ಲಾಗೆ ಹೋಗುತ್ತಿದ್ದ ಕಾಲ ಅದು. ಹ್ಯೂಮ್ ಅಲ್ಲಿ ಜಾಖೂ ಬೆಟ್ಟದ ಮೇಲೆ ರೊಥ್ನಿ ಕ್ಯಾಸಲ್ ಎಂಬ ಬಂಗಲೆ ಕೊಂಡು ಅದರೊಳಗೆ ಹಕ್ಕಿಗಳ ಒಂದು ಮ್ಯೂಸಿಯಂ ಮಾಡಿದರು. ಅದನ್ನು ನೋಡಿಕೊಳ್ಳಲು ವಿಲಿಯಂ ಡೇವಿಸನ್ ಎಂಬ ನುರಿತ ಸಂಗ್ರಾಹಕನನ್ನು ಸಂಬಳ ಕೊಟ್ಟು ಇಟ್ಟುಕೊಂಡರು.

ಇನ್ನು ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ. ಆಗ ಭಾರತದ ಹಕ್ಕಿಗಳ ಬಗ್ಗೆ ಇದ್ದ ಒಳ್ಳೆಯ ಪುಸ್ತಕ ಥಾಮಸ್ ಜೆರ್ಡನ್ ಅವರದು, 1862ರಿಂದ 1864ರವರೆಗೆ ಬಂದದ್ದು. ಹಕ್ಕಿಗಳಿಗೇ ಮೀಸಲಾದ ಐಬಿಸ್ ಎಂಬ ಪತ್ರಿಕೆ ಲಂಡನ್‌ನಲ್ಲಿತ್ತು. ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆ ಇತ್ತು, ಆದರೆ ಅದರಲ್ಲಿ ನಾಣ್ಯ, ಶಾಸನ, ಭಾಷೆ, ಹಾವು, ಮೀನು ಎಲ್ಲವೂ ಸೇರಿಕೊಳ್ಳುತ್ತಿತ್ತು. ಇಲ್ಲಿನ ಕಾಡಿನಲ್ಲಿ, ದಂಡಿನಲ್ಲಿ, ತೋಟದಲ್ಲಿ ಇದ್ದವರು ವರ್ಷಗಟ್ಟಲೆ ಕಂಡು ಬರೆದಿಟ್ಟುಕೊಂಡದ್ದನ್ನು ಪೂರ್ತಿಯಾಗಿ, ಕತ್ತರಿಸದೆ ಅಚ್ಚು ಹಾಕುವ ಒಂದು ಜಾಗ ದೇಶದೊಳಗೆ ಇರಲಿಲ್ಲ. 1872ರಲ್ಲಿ ಹ್ಯೂಮ್ ಅದನ್ನು ತಾವೇ ಶುರು ಮಾಡಿದರು. ಹೆಸರು ಸ್ಟ್ರೇ ಫೆದರ್ಸ್. ಅಲ್ಲಲ್ಲಿ ಉದುರಿ ಬಿದ್ದ ಗರಿಗಳು ಎಂದು ಅರ್ಥ ಮಾಡಿಕೊಳ್ಳಬಹುದು. ಕಲ್ಕತ್ತಾದಲ್ಲಿ ಅಚ್ಚಾಗುತ್ತಿತ್ತು.

ಅದು ನಡೆಯುತ್ತಿದ್ದ ರೀತಿ ಕೇಳಿದರೆ ಈಗಿನ ವಾಟ್ಸ್ಆ್ಯಪ್ ಗ್ರೂಪುಗಳು ನೆನಪಾಗುತ್ತವೆ, ಆದರೆ ಅಂಚೆಯಲ್ಲಿ. ದೇಶದ ಉದ್ದಗಲಕ್ಕೂ, ಬರ್ಮಾದಲ್ಲೂ, ಸಿಲೋನಿನಲ್ಲೂ ಇನ್ನೂರಕ್ಕೂ ಹೆಚ್ಚು ಜನ ಹ್ಯೂಮ್‌ಗೆ ಕಾಗದ ಬರೆಯುತ್ತಿದ್ದರು. ಸೈನಿಕರು, ಅರಣ್ಯಾಧಿಕಾರಿಗಳು, ಎಂಜಿನಿಯರುಗಳು, ಡಾಕ್ಟರುಗಳು, ಪ್ಲಾಂಟರುಗಳು. ಹಕ್ಕಿಯ ಚರ್ಮ ಕಳಿಸುತ್ತಿದ್ದರು, ಮೊಟ್ಟೆ ಕಳಿಸುತ್ತಿದ್ದರು, ಗೂಡು ಎಷ್ಟು ಎತ್ತರದಲ್ಲಿತ್ತು ಎಂದು ಬರೆಯುತ್ತಿದ್ದರು. ಹ್ಯೂಮ್ ಸರ್ಕಾರಿ ಕಡತ ಮುಗಿಸಿ ಇವನ್ನೆಲ್ಲ ಓದಿ, ಹೋಲಿಸಿ, ತಪ್ಪಿದ್ದರೆ ತಿದ್ದಿ, ಬರೆದವರ ಹೆಸರಿನಲ್ಲೇ ಅಚ್ಚು ಹಾಕುತ್ತಿದ್ದರು. ಹಕ್ಕಿಯನ್ನು ಅಳೆಯುವುದು ಹೇಗೆ, ಚರ್ಮ ಹುಳ ಹಿಡಿಯದಂತೆ ಕಾಪಾಡುವುದು ಹೇಗೆ, ಚೀಟಿಯಲ್ಲಿ ಏನೇನು ಬರೆಯಬೇಕು ಎಂದು ಹೊಸಬರಿಗಾಗಿ 1874ರಲ್ಲಿ ಒಂದು ಕೈಪಿಡಿಯನ್ನೇ ಬರೆದರು. ಕಣ್ಣಿನ ಬಣ್ಣ, ಕೊಕ್ಕಿನ ಬಣ್ಣ, ಕಾಲಿನ ಬಣ್ಣ ಹಕ್ಕಿ ಸತ್ತ ಸ್ವಲ್ಪ ಹೊತ್ತಿಗೇ ಮಾಸಿಹೋಗುತ್ತದೆ, ಅದನ್ನು ಅಲ್ಲೇ, ಆಗಲೇ ಬರೆದುಕೊಳ್ಳಬೇಕು. ನಾಳೆ ಬರೆದರಾಯಿತು ಅನ್ನುವ ಹಾಗಿಲ್ಲ.

ಆ ಪತ್ರಿಕೆಗೆ ಪುಟಗಳ ಮಿತಿ ಎನ್ನುವುದೇ ಇದ್ದಂತಿಲ್ಲ. ನಮ್ಮ ಪ್ರಾಜೆಕ್ಟ್ ರಿಪೋರ್ಟಿಗೆ ಮೂವತ್ತು ಪುಟ ದಾಟಬಾರದು ಎಂಬ ನಿಯಮವಿದೆ. ಹ್ಯೂಮ್ 1873ರಲ್ಲಿ ಅಂಡಮಾನ್, ನಿಕೋಬಾರ್ ಕಡೆ ಹಡಗಿನಲ್ಲಿ ಹೋಗಿ ಬಂದು ಆ ದ್ವೀಪಗಳ ಹಕ್ಕಿಗಳ ಬಗ್ಗೆ ಮರುವರ್ಷ ಬರೆದ ಲೇಖನ ಸುಮಾರು 300 ಪುಟ. 1875ರಲ್ಲಿ ಲಕ್ಷದ್ವೀಪ ಮತ್ತು ಪಶ್ಚಿಮ ಕರಾವಳಿಗೆ ಹೋಗಿ ಬಂದು ಇನ್ನೊಂದು. 1878ರಲ್ಲಿ ಬರ್ಮಾದ ತೆನಾಸರಿಮ್ ಪ್ರಾಂತ್ಯದ ಹಕ್ಕಿಗಳ ಬಗ್ಗೆ ಡೇವಿಸನ್ ಜತೆ ಸೇರಿ ಬರೆದದ್ದಂತೂ 500 ಪುಟ ದಾಟಿತು. ಪತ್ರಿಕೆಯ ಆರನೇ ಸಂಪುಟವಿಡೀ ಆ ಒಂದೇ ಬರಹ! ಲೇಖನದ ಮೊದಲ ಪುಟದಲ್ಲಿ ಇಬ್ಬರ ಹೆಸರೂ ಇದೆ. ಶಿಮ್ಲಾದಲ್ಲಿ ಕೂತು ಬರೆದ ಯಜಮಾನನ ಹೆಸರಿನ ಪಕ್ಕದಲ್ಲೇ ಕಾಡು ಅಲೆದವನ ಹೆಸರು. ಇದು ನನಗೆ ಇಷ್ಟವಾಯಿತು. ಎಷ್ಟೋ ಕಡೆ ಈಗಲೂ ಹಾಗೆ ಆಗುವುದಿಲ್ಲ. ಆದರೆ ಬಲೆ ಹಾಕಿದ, ಗೂಡು ತೋರಿಸಿದ, ಚರ್ಮ ಸುಲಿದ ಭಾರತೀಯರು ಅದೆಷ್ಟು ಜನರೋ, ಅವರ ಹೆಸರು ಲೇಖನದ ತಲೆಯ ಮೇಲೆ ಬರಲಿಲ್ಲ.

ಹ್ಯೂಮ್ ಮೃದು ಮನುಷ್ಯ ಆಗಿರಲಿಲ್ಲ. ಯಾರಾದರೂ ಅರೆಬರೆ ನೋಡಿ ಹೊಸ ಹಕ್ಕಿ ಎಂದು ಹೆಸರಿಟ್ಟರೆ ಪತ್ರಿಕೆಯಲ್ಲೇ ಬಹಿರಂಗವಾಗಿ ಜಗಳಕ್ಕೆ ಬೀಳುತ್ತಿದ್ದರು. ಲಂಡನ್‌ನಲ್ಲಿ ಕೂತು ಒಣಗಿದ ಚರ್ಮ ನೋಡಿ ತೀರ್ಪು ಕೊಡುವ ದೊಡ್ಡವರನ್ನೂ ಬಿಡಲಿಲ್ಲ. ಕಚೇರಿಯಲ್ಲೂ ಅದೇ ನಾಲಿಗೆ. ಕೃಷಿ ಇಲಾಖೆಯ ನೀತಿ ತಪ್ಪು ಎಂದರೆ ತಪ್ಪು ಎಂದೇ ವೈಸರಾಯ್ ಸರ್ಕಾರಕ್ಕೆ ಬರೆಯುತ್ತಿದ್ದರು. ಲಾರ್ಡ್ ಲಿಟ್ಟನ್ ಕಾಲದಲ್ಲಿ ಇದರ ಬೆಲೆ ತೆತ್ತರು. 1879ರಲ್ಲಿ ಅವರನ್ನು ಕಾರ್ಯದರ್ಶಿ ಹುದ್ದೆಯಿಂದ ಇಳಿಸಿ ಅಲಹಾಬಾದಿನ ರೆವಿನ್ಯೂ ಬೋರ್ಡಿಗೆ ಕಳಿಸಿದರು. ಮೂವತ್ತು ವರ್ಷ ಸರ್ವಿಸ್ ಆದವನಿಗೆ ಇದು ದೊಡ್ಡ ಅವಮಾನ.

ಇಂಥ ಹಟಮಾರಿ ಅಂದೇ ರಾಜೀನಾಮೆ ಬಿಸಾಕಿ ಹೋಗಿರಬೇಕು ಎಂದುಕೊಂಡೆ. ಹೋಗಲಿಲ್ಲ. ಕಾರಣ ಒಂದು ಪುಸ್ತಕ. ಸಿ.ಎಚ್.ಟಿ. ಮಾರ್ಷಲ್ ಜತೆ ಸೇರಿ ಭಾರತ, ಬರ್ಮಾ, ಸಿಲೋನ್‌ಗಳ ಬೇಟೆ ಹಕ್ಕಿಗಳ ಬಗ್ಗೆ ಮೂರು ಸಂಪುಟಗಳ ಕೆಲಸಕ್ಕೆ ಆಗಷ್ಟೇ ಕೈಹಾಕಿದ್ದರು. ಬಣ್ಣದ ಚಿತ್ರಗಳ ಪುಸ್ತಕ. ಅದಕ್ಕೆ 4,000 ಪೌಂಡ್ ಬೇಕು ಎಂದು ಅವರ ಅಂದಾಜು. ಸಂಬಳ ನಿಂತರೆ ಪುಸ್ತಕವೂ ನಿಲ್ಲುತ್ತದೆ. ಹಾಗಾಗಿ ಕೆಳಗಿನ ಕುರ್ಚಿಯಲ್ಲಿ ಕೂತು, ಸಂಬಳ ಎಣಿಸಿ, ಅಚ್ಚಿನವರಿಗೆ ಕಳಿಸಿದರು. 1879ರಿಂದ 1881ರೊಳಗೆ ಮೂರು ಸಂಪುಟಗಳೂ ಬಂದವು. ಚಿತ್ರಗಳು ಲಂಡನ್‌ನಲ್ಲಿ ತಯಾರಾದವು. ಬಣ್ಣ ಹೀಗೀಗಿರಬೇಕು ಎಂದು ಹ್ಯೂಮ್ ವಿವರವಾಗಿ ಬರೆದು ಕಳಿಸಿದ್ದರೂ ಎಷ್ಟೋ ಚಿತ್ರಗಳು ಅವರಿಗೆ ಒಪ್ಪಿಗೆಯಾಗಲಿಲ್ಲ. ಬೇರೆಯವರಾದರೆ ಖರ್ಚು ಮಾಡಿದ ಪುಸ್ತಕವನ್ನು ಹೊಗಳಿಕೊಂಡು ಸುಮ್ಮನಾಗುತ್ತಿದ್ದರು. ಇವರು ತಮ್ಮದೇ ಪುಸ್ತಕದಲ್ಲಿ, ಚಿತ್ರಗಳಲ್ಲಿ ಏನು ತಪ್ಪಾಗಿದೆ ಎಂದು ಟಿಪ್ಪಣಿ ಸೇರಿಸಿದರು! ಪುಸ್ತಕ ಮುಗಿಯಿತು, 1882ರ ಜನವರಿ 1ರಂದು ನಿವೃತ್ತಿ ತೆಗೆದುಕೊಂಡರು.

ಅದಕ್ಕೆ ಸ್ವಲ್ಪ ಮುಂಚೆ, 1881ರಲ್ಲಿ, ವಿಶೇಷ ರಜೆ ಹಾಕಿ ಮಣಿಪುರಕ್ಕೆ ಹೋಗಿ ಬಂದಿದ್ದರು. ಅಲ್ಲಿ ಸಿಕ್ಕ ಉದ್ದ ಬಾಲದ ಸುಂದರ ಕಾಡುಕೋಳಿಗೆ ಹೆಂಡತಿ ಮೇರಿಯ ಹೆಸರಿಟ್ಟರು. ಮಿಸೆಸ್ ಹ್ಯೂಮ್ಸ್ ಫೆಸೆಂಟ್ ಎಂದು ಕರೆಯುವ ಆ ಹಕ್ಕಿ ಈಗ ಮಣಿಪುರ ಮತ್ತು ಮಿಜೋರಾಂಗಳ ರಾಜ್ಯ ಪಕ್ಷಿ. ಹಕ್ಕಿಗಾಗಿ ಅವರು ಮಾಡಿದ ಕೊನೆಯ ದೊಡ್ಡ ಪ್ರಯಾಣ ಅದು. ಅಷ್ಟರಲ್ಲಿ ಥಿಯಾಸಫಿ ಕಡೆ ವಾಲಿ, ಮಾಂಸ ಬಿಟ್ಟಿದ್ದರು. ಬಂದೂಕನ್ನೂ ಬಿಟ್ಟರು. ಸಾವಿರಾರು ಹಕ್ಕಿಗಳನ್ನು ಕೊಂದು ಪೆಟ್ಟಿಗೆ ತುಂಬಿದ ಕೈ ಅದು. ಆ ಮನಸ್ಸಿನಲ್ಲಿ ಏನು ನಡೆದಿತ್ತೋ, ಥಿಯಾಸಫಿಯನ್ನೂ ಅವರು ಬಹಳ ಕಾಲ ಹಿಡಿದುಕೊಳ್ಳಲಿಲ್ಲ.

ಅವರ ಕಣ್ಣು ನೆಟ್ಟಿದ್ದದ್ದು ಇನ್ನೂ ದೊಡ್ಡ ಕೆಲಸದ ಮೇಲೆ. ಬ್ರಿಟಿಷ್ ಭಾರತದ ಎಲ್ಲ ಹಕ್ಕಿಗಳ ಬಗ್ಗೆ ಒಂದು ಸಮಗ್ರ ಗ್ರಂಥ. ಇಪ್ಪತ್ತೈದು ವರ್ಷಗಳಿಂದ ಕೂಡಿಸಿದ ಚರ್ಮಗಳು, ಅಳತೆಗಳು, ಇನ್ನೂರು ಜನರ ಕಾಗದಗಳು, ಸ್ವಂತ ಟಿಪ್ಪಣಿಗಳು ಎಲ್ಲ ಅದಕ್ಕಾಗಿ. ಗೂಡು, ಮೊಟ್ಟೆಗಳ ಬಗ್ಗೆ 1873ರಿಂದ 1875ರವರೆಗೆ ಒಂದು ಪುಸ್ತಕ ತಂದಿದ್ದರು. ಅದನ್ನು ಅವರು ಕರಡು ಎಂದೇ ಕರೆದಿದ್ದರು. ಪೂರ್ಣ ಪುಸ್ತಕಕ್ಕೆ ಬೇಕಾದ ಹಸ್ತಪ್ರತಿ ರೊಥ್ನಿ ಕ್ಯಾಸಲ್‌ನಲ್ಲಿ ಬೆಳೆಯುತ್ತಾ ಇತ್ತು.

1880ರ ದಶಕದ ಮೊದಲ ಭಾಗದಲ್ಲಿ ಒಮ್ಮೆ ಚಳಿಗಾಲದಲ್ಲಿ ಶಿಮ್ಲಾ ಬಿಟ್ಟು ಹೋಗಿದ್ದ ಹ್ಯೂಮ್ ವಾಪಸ್ ಬಂದು ನೋಡಿದಾಗ ಹಸ್ತಪ್ರತಿ ಇರಲಿಲ್ಲ. ಕೆಲಸದವನೊಬ್ಬ ಕಾಗದದ ಕಟ್ಟುಗಳನ್ನು ಶಿಮ್ಲಾ ಬಜಾರಿಗೆ ಒಯ್ದು ರದ್ದಿಗೆ ಮಾರಿಬಿಟ್ಟಿದ್ದ. ಒಂದೆರಡು ಪುಸ್ತಕವಲ್ಲ, ಕ್ವಿಂಟಾಲುಗಟ್ಟಲೆ ತೂಕದ ಕಾಗದ. ಶಿಮ್ಲಾ ಬಜಾರಿನ ಅಂಗಡಿಗಳಲ್ಲಿ ಅವತ್ತು ಯಾವ ಸಾಮಾನನ್ನು ಯಾವ ಹಕ್ಕಿಯ ಪುಟದಲ್ಲಿ ಕಟ್ಟಿ ಕೊಟ್ಟರೋ!

ಇದನ್ನು ಓದಿದ್ದು ಹಾಸ್ಟೆಲಿನಲ್ಲಿ, ರಾತ್ರಿ. ನನ್ನ ಎರಡು ನೋಟ್‌ಬುಕ್ಕನ್ನು ಇದರ ಪಕ್ಕ ಇಟ್ಟು ನೋಡಲು ನಾಚಿಕೆಯಾಯಿತು. ಆದರೂ ಹೊಟ್ಟೆಯೊಳಗೆ ಆಗುವ ಆ ಸಂಕಟ ಒಂದೇ ಇರಬೇಕು. ಆ ಕೆಲಸದವನ ಬಗ್ಗೆಯೂ ಯೋಚಿಸಿದೆ. ಅವನಿಗೂ ಅದು ಅಮ್ಮನಿಗೆ ಕಂಡಂತೆ ಬರೀ ಕಾಗದ. ತಿಂಗಳಿಗೆ ಎಷ್ಟು ಸಂಬಳವಿತ್ತೋ ಅವನಿಗೆ. ಪುಸ್ತಕವಾಗದ ಬರಹಕ್ಕೆ ತೂಕದ ಬೆಲೆ ಮಾತ್ರ ಇರುತ್ತದೆ ಎಂದು ಹ್ಯೂಮ್‌ಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತೇನೋ.

ಅದು ಸಾಲದು ಎಂಬಂತೆ ಜೋರು ಮಳೆಗೆ ಗುಡ್ಡ ಕುಸಿದು ಮ್ಯೂಸಿಯಂಗೂ ಹಾನಿಯಾಯಿತು. ಹ್ಯೂಮ್ ಕೈಚೆಲ್ಲಿದರು. 1857ರ ನಂತರ ಮತ್ತೆ ಶುರು ಮಾಡಿದ ಮನುಷ್ಯ ಈ ಸಲ ಮತ್ತೆ ಶುರು ಮಾಡಲಿಲ್ಲ. ತಮ್ಮ ಇಡೀ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ ಪುಕ್ಕಟೆ ಕೊಡುತ್ತೇನೆ ಎಂದು ಬರೆದರು. ಅಲ್ಲೂ ಷರತ್ತು. ರಿಚರ್ಡ್ ಬೌಡ್ಲರ್ ಶಾರ್ಪ್ ಎಂಬ ತಜ್ಞರೇ ಬಂದು ಪ್ಯಾಕ್ ಮಾಡಬೇಕು, ಕೆಲಸ ಹೆಚ್ಚುವುದರಿಂದ ಅವರ ಸಂಬಳವನ್ನೂ ಏರಿಸಬೇಕು ಎಂದು. ದಾನ ಕೊಡುವವನು ಇನ್ಯಾರದೋ ಸಂಬಳಕ್ಕೆ ವಾದಿಸಿದ್ದು ನೋಡಿ ನಗು ಬಂತು. ಮ್ಯೂಸಿಯಂನವರು ಮೀನಮೇಷ ಎಣಿಸಿದರು. ಅಷ್ಟರಲ್ಲಿ ಸುಮಾರು 20,000 ಮಾದರಿಗಳು ಹಾಳಾಗಿಹೋದವು. ಕೊನೆಗೆ 1885ರಲ್ಲಿ ಶಾರ್ಪ್ ಶಿಮ್ಲಾಗೆ ಬಂದರು. ದೇವದಾರು ಮರದ 47 ಪೆಟ್ಟಿಗೆಗಳು, ಒಂದೊಂದೂ ಸುಮಾರು ಅರ್ಧ ಟನ್. ಶಿಮ್ಲಾಗೆ ಆಗ ರೈಲು ಇರಲಿಲ್ಲ. ಪೆಟ್ಟಿಗೆಗಳು ಬೆಟ್ಟದ ರಸ್ತೆಯಲ್ಲಿ ಕಾಲ್ಕಾಗೆ ಇಳಿದು, ಬಾಂಬೆ ಬಂದರು ಸೇರಿ, ಹಡಗು ಹತ್ತಿದವು. ಸುಮಾರು 82,000 ಮಾದರಿಗಳು, ಅದರಲ್ಲಿ ಮೊಟ್ಟೆಗಳೇ 18,000ಕ್ಕೂ ಹೆಚ್ಚು. ಇಂದಿಗೂ ಆ ಮ್ಯೂಸಿಯಂಗೆ ಬಂದ ಹಕ್ಕಿ ಸಂಗ್ರಹಗಳಲ್ಲಿ ಬಹು ದೊಡ್ಡದು ಎಂದರೆ ಇದೇ ಎನ್ನುತ್ತಾರೆ.

ಅದೇ 1885ರ ಡಿಸೆಂಬರ್ 28ರಂದು ಬಾಂಬೆಯ ಗೋಕುಲದಾಸ್ ತೇಜ್‌ಪಾಲ್ ಸಂಸ್ಕೃತ ಕಾಲೇಜಿನಲ್ಲಿ 72 ಪ್ರತಿನಿಧಿಗಳು ಸೇರಿದರು. ಅದು ಕಾಂಗ್ರೆಸ್‌ನ ಮೊದಲ ಅಧಿವೇಶನ. ಹಕ್ಕಿಗಳಿಗಾಗಿ ದೇಶದ ತುಂಬ ಕಾಗದ ಬರೆದು ಜನರನ್ನು ಸೇರಿಸುತ್ತಿದ್ದ ವ್ಯಕ್ತಿ ಈಗ ಅದೇ ರೀತಿ ಕಾಗದ ಬರೆದು ವಕೀಲರು, ಸಂಪಾದಕರನ್ನು ಒಟ್ಟುಗೂಡಿಸಿದ್ದರು. ಹಸ್ತಪ್ರತಿ ಕಳುವಾಗದಿದ್ದರೆ ಅವರು ರಾಜಕೀಯಕ್ಕೆ ಬರುತ್ತಲೇ ಇರಲಿಲ್ಲವೇ? ಹಾಗೆ ಹೇಳುವುದು ದುಡುಕಾದೀತು, ಆ ಆಲೋಚನೆ ಅವರಲ್ಲಿ ಮೊದಲೇ ಇತ್ತು. ಮುಂದಿನ ವರ್ಷಗಳಲ್ಲಿ ಅವರ ಸಮಯವನ್ನು ಹೆಚ್ಚಾಗಿ ತಿಂದದ್ದಂತೂ ಕಾಂಗ್ರೆಸ್ಸೇ. ಕಾಂಗ್ರೆಸ್ಸಿನ ಬಗ್ಗೆ ಸಾಕಷ್ಟು ಜನ ಬರೆದಿದ್ದಾರೆ, ನಾನು ಹಕ್ಕಿಗಳ ಕಡೆಗೇ ಬರುತ್ತೇನೆ.

ರದ್ದಿಗೆ ಹೋಗದೆ ಉಳಿದದ್ದು ಅಚ್ಚಾದದ್ದು. ಸ್ಟ್ರೇ ಫೆದರ್ಸ್‌ನ ಸಂಪುಟಗಳು ಲೈಬ್ರರಿಗಳಲ್ಲಿ ಹರಡಿಕೊಂಡಿದ್ದವು. ಎಲ್ಲವನ್ನೂ ಒಟ್ಟಿಗೆ ಯಾವ ಕೆಲಸದವನೂ ಮಾರಲಾರ. ಮಣಿಪುರ, ಅಸ್ಸಾಂ ಕಡೆಯ ಹಕ್ಕಿಗಳ ಬಗ್ಗೆ ಹ್ಯೂಮ್ ಬರೆದ 350 ಪುಟದ ಬರಹ 1888ರಲ್ಲಿ ಹನ್ನೊಂದನೇ ಸಂಪುಟವಾಗಿ ಬಂತು. ಹಕ್ಕಿಗಳೇ ಕೈಬಿಟ್ಟು ಹೋದ ಮೂರು ವರ್ಷಕ್ಕೆ ಆ ಬಾಕಿಯನ್ನೂ ತೀರಿಸಿದರು ಎಂದುಕೊಂಡೆ. ಗೂಡು-ಮೊಟ್ಟೆ ಪುಸ್ತಕದಲ್ಲಿ ಅಳಿದುಳಿದ ಟಿಪ್ಪಣಿಗಳನ್ನು ಯುಜೀನ್ ಓಟ್ಸ್ ಎಂಬುವರ ಕೈಗೆ ಕೊಟ್ಟರು. ಅವರು ಸರಿಪಡಿಸಿದ ಎರಡನೇ ಆವೃತ್ತಿ 1889-90ರಲ್ಲಿ ಬಂತು. ಸರ್ಕಾರಿ ಹಕ್ಕಿಗ್ರಂಥದ ಮೊದಲ ಸಂಪುಟವನ್ನು ಬರೆದವರೂ ಈ ಓಟ್ಸೇ, ಅದೂ ಲಂಡನ್‌ನಲ್ಲಿ ಹ್ಯೂಮ್ ಕೊಟ್ಟ ಚರ್ಮಗಳನ್ನು ಮುಂದಿಟ್ಟುಕೊಂಡು. ತಾನು ಬರೆಯಬೇಕಿದ್ದ ಪುಸ್ತಕವನ್ನು ಇನ್ನೊಬ್ಬ ಬರೆಯುವುದನ್ನು ಹ್ಯೂಮ್ ಕಣ್ಣಾರೆ ಕಂಡರು.

1894ರಲ್ಲಿ ಅವರು ಭಾರತ ಬಿಟ್ಟರು. ಕೊನೆಗಾಲದಲ್ಲಿ ಗಿಡಗಳ ಹುಚ್ಚು ಹತ್ತಿತು. ಎಲೆ, ಹೂವು ಒಣಗಿಸಿ ಹಾಳೆಗೆ ಅಂಟಿಸುವುದರಲ್ಲಿ ರಕ್ತ ಹರಿಯುವುದಿಲ್ಲವಲ್ಲ. 1910ರಲ್ಲಿ ದಕ್ಷಿಣ ಲಂಡನ್‌ನಲ್ಲಿ ಸಾಮಾನ್ಯ ಜನರಿಗಾಗಿ ಒಂದು ಸಸ್ಯಶಾಸ್ತ್ರ ಸಂಸ್ಥೆಯನ್ನೇ ಸ್ಥಾಪಿಸಿದರು. ಅದು ಈಗಲೂ ಇದೆ. 1912ರ ಜುಲೈ 31ರಂದು ತೀರಿಕೊಂಡರು.

ಅವರು ಹೋಗಿ ನೂರು ವರ್ಷವಾಗುವ ಹೊತ್ತಿಗೆ ನಡೆದ ಎರಡು ಸಂಗತಿಗಳನ್ನು ಹೇಳಲೇಬೇಕು. 1867ರ ನವೆಂಬರ್‌ನಲ್ಲಿ ಸಟ್ಲೆಜ್ ಕಣಿವೆಯ ರಾಮ್‌ಪುರದ ಹತ್ತಿರ ಹ್ಯೂಮ್ ಒಂದು ಚಿಕ್ಕ ಕಂದು ಹಕ್ಕಿಯನ್ನು ಹಿಡಿದಿದ್ದರು. ಚಳಿಗಾಲಕ್ಕೆ ನಮ್ಮ ಕಡೆಯ ಪೊದೆಗಳಲ್ಲಿ ಟಕ್ ಟಕ್ ಎಂದು ಸದ್ದು ಮಾಡುವ ಬ್ಲೈತ್ಸ್ ರೀಡ್ ವಾರ್ಬ್ಲರ್ ಥರದ್ದು, ಆದರೆ ಕೊಕ್ಕು ಸ್ವಲ್ಪ ದೊಡ್ಡದು. ಇದು ಬೇರೆ ಹಕ್ಕಿ ಎಂದು ಬರೆದರು. ಮತ್ತೆ ಅದು ಯಾರಿಗೂ ಸಿಗಲಿಲ್ಲ. ಒಂದೇ ಒಂದು ಚರ್ಮ, ಒಂದಿಷ್ಟು ಸಾಲು ಬರಹ, ಅಷ್ಟೇ ಉಳಿದದ್ದು. ಹ್ಯೂಮ್ ಎಡವಿರಬೇಕು ಎಂದುಕೊಂಡವರೂ ಇದ್ದರು. 2006ರ ಮಾರ್ಚ್‌ನಲ್ಲಿ ಥಾಯ್ಲೆಂಡಿನಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ಹಾಕುವಾಗ ಒಂದು ವಿಚಿತ್ರ ವಾರ್ಬ್ಲರ್ ಬಲೆಗೆ ಬಿತ್ತು. ಅದರ ಗರಿಯ ಡಿಎನ್‌ಎಯನ್ನು ಹ್ಯೂಮ್‌ನ ಆ ಹಳೇ ಚರ್ಮದ ಡಿಎನ್‌ಎ ಜತೆ ಹೋಲಿಸಿ ನೋಡಿದರೆ ಎರಡೂ ಒಂದೇ! 139 ವರ್ಷದ ಮೇಲೆ ಹ್ಯೂಮ್ ಹೇಳಿದ್ದು ಸರಿ ಎಂದಾಯಿತು. ಆಮೇಲೆ ಅಫ್ಘಾನಿಸ್ತಾನದ ವಖಾನ್ ಕಡೆ ಅದು ಮರಿ ಮಾಡುವ ಜಾಗವೂ ಗೊತ್ತಾಯಿತು.

ಇನ್ನೊಂದು, ಒಂದು ಪುಟ್ಟ ಗೂಬೆ. ಈಗಿನ ಛತ್ತೀಸಗಢದ ಕಡೆ ಎಫ್.ಆರ್. ಬ್ಲೂವಿಟ್ ಎಂಬುವರು ಕಳಿಸಿದ ಗೂಬೆಯನ್ನು ಹ್ಯೂಮ್ 1873ರಲ್ಲಿ ಸ್ಟ್ರೇ ಫೆದರ್ಸ್‌ನಲ್ಲಿ ವಿವರಿಸಿ ಅವರದೇ ಹೆಸರಿಟ್ಟರು. ಫಾರೆಸ್ಟ್ ಔಲೆಟ್ ಎಂದು ಕರೆಯುವ ಅದು 1884ರ ನಂತರ ನಿಜವಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಡುವೆ ಒಬ್ಬ ಇಂಗ್ಲಿಷ್ ಸೇನಾಧಿಕಾರಿ ತಾನು ಹಿಡಿದೆ ಎಂದು ಒಂದು ಚರ್ಮ ತೋರಿಸಿದ್ದ. ಅದು ಮ್ಯೂಸಿಯಂನಿಂದಲೇ ಕದ್ದು ಚೀಟಿ ಬದಲಿಸಿದ್ದು ಎಂದು ಪಮೇಲಾ ರಾಸ್ಮುಸೆನ್ ಎಂಬ ವಿಜ್ಞಾನಿ ಪತ್ತೆ ಹಚ್ಚಿದರು. ಆ ಸುಳ್ಳು ಚೀಟಿಯನ್ನು ಬದಿಗಿಟ್ಟು, ಹಳೆಯ ನಿಜವಾದ ಚೀಟಿಗಳು ತೋರಿದ ಜಾಗಗಳಲ್ಲಿ ಹುಡುಕಿದಾಗ 1997ರಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಹಾಡಹಗಲೇ ಮರದ ಮೇಲೆ ಗೂಬೆ ಕೂತಿತ್ತು.

ಸ್ಟ್ರೇ ಫೆದರ್ಸ್‌ನ ಹಳೇ ಸಂಪುಟಗಳು ಈಗ ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತವೆ. ಒಂದು ಭಾನುವಾರ ಹತ್ತನೇ ಸಂಪುಟವನ್ನು ಸುಮ್ಮನೆ ಪುಟ ತಿರುವುತ್ತಿದ್ದೆ. 454ನೇ ಪುಟದಲ್ಲಿ ಬೆರಳು ನಿಂತುಬಿಟ್ಟಿತು. ಸಿ.ಜೆ.ಡಬ್ಲ್ಯೂ. ಟೇಲರ್ ಎಂಬುವರು ಬರೆದದ್ದು, 1887. ಮೈಸೂರಿನ ಮಂಜರಾಬಾದ್‌ನ ಹಕ್ಕಿಗಳ ಪಟ್ಟಿ. ಮಂಜರಾಬಾದ್ ಎಂದರೆ ನಮ್ಮೂರು ಕಣ್ರೀ! ಟಿಪ್ಪು ಕಟ್ಟಿಸಿದ ನಕ್ಷತ್ರದಾಕಾರದ ಕೋಟೆಗೆ ಈಗಲೂ ಅದೇ ಹೆಸರು, ನಮ್ಮ ತಾಲ್ಲೂಕಿಗೂ ಒಂದು ಕಾಲಕ್ಕೆ ಅದೇ ಹೆಸರಿತ್ತು. ಹದಿನಾಲ್ಕು ಪುಟ. ತಾತ್ಕಾಲಿಕ ಪಟ್ಟಿ ಎಂದು ಶೀರ್ಷಿಕೆಯಲ್ಲೇ ಹೇಳಿಕೊಂಡಿದ್ದಾರೆ. ಪೂರ್ತಿಯಾಗಲಿ, ಆಮೇಲೆ ಕಳಿಸೋಣ ಎಂದು ಅವರು ಅಟ್ಟದ ಮೇಲೆ ಇಟ್ಟಿದ್ದರೆ ನನಗೆ ಅದು ಸಿಗುತ್ತಿತ್ತೇ?

ಆ ಹದಿನಾಲ್ಕು ಪುಟಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಊರಿಗೆ ತಂದೆ. ಹಳೆಯ ಹೆಸರುಗಳನ್ನು ಈಗಿನ ಹೆಸರಿಗೆ ಹೊಂದಿಸಲು ಮೇಷ್ಟ್ರು ಸಹಾಯ ಮಾಡುತ್ತಿದ್ದಾರೆ. ನನ್ನ ಹೋದ ನೋಟ್‌ಬುಕ್ಕುಗಳಲ್ಲಿ ನೆನಪಿದ್ದದ್ದನ್ನು, ಮೊಬೈಲ್ ಫೋಟೋಗಳ ತಾರೀಖು ನೋಡಿ ಖಚಿತವಾದದ್ದನ್ನು ಮಾತ್ರ, ಮತ್ತೆ ಬರೆದೆ. ಗೂಡಿನ ಲೆಕ್ಕ ಬಹಳಷ್ಟು ಹೋಗಿದೆ, ಅದಕ್ಕೆ ಈ ಮಳೆಗಾಲದಿಂದ ಹೊಸ ಲೆಕ್ಕ. ಪ್ರತಿ ತಿಂಗಳ ಕೊನೆಗೆ ಟೈಪ್ ಮಾಡಿ ಮೇಷ್ಟ್ರಿಗೆ ಒಂದು ಪ್ರತಿ, ಹಕ್ಕಿ ನೋಡುವ ನಾಲ್ಕು ಗೆಳೆಯರಿಗೆ ಒಂದೊಂದು ಪ್ರತಿ ಕಳಿಸುತ್ತೇನೆ. ತೋಟದ ಕೆಲಸಕ್ಕೆ ಬರುವ ಅಣ್ಣ ಒಬ್ಬರು ಮಂಗಟ್ಟೆ ಗೂಡಿನ ಪೊಟರೆ ತೋರಿಸಿದರು. ಅವರ ಹೆಸರನ್ನು ನನ್ನ ಹೆಸರಿನ ಪಕ್ಕದಲ್ಲೇ ಹಾಕಿದ್ದೇನೆ. ತಾತ್ಕಾಲಿಕ ಪಟ್ಟಿ ಎಂದೇ ಮೇಲೆ ಬರೆದಿದ್ದೇನೆ.

ಅಮ್ಮ ಮಾತ್ರ ಈಗ ಹಾಲಿನ ಲೆಕ್ಕದ ಚೀಟಿಯನ್ನೂ ನನಗೆ ಫೋನ್ ಮಾಡಿ ಕೇಳದೆ ಬಿಸಾಡುವುದಿಲ್ಲ.